ಬಿಸಿಗಾಳಿ ಊದುವ ಯಂತ್ರ ಮತ್ತು ಕಾಯಕದ ಅಳತೆ

ಚೈತ್ರ ಕಳೆದು ವೈಶಾಖ ಕಾಲಿಡುವ ವೇಳೆಗೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಬಿಸಿಲಿನ ತಾಪವು ನಲವತ್ತು ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಹಂಪಿಯ ಹೆಬ್ಬಂಡೆಗಳು ಹಗಲೆಲ್ಲ ಹೀರಿಕೊಂಡ ಶಾಖವನ್ನು ಇರುಳಿನಲ್ಲಿಯೂ ಹೊರಸೂಸುತ್ತಿರುತ್ತವೆ. ಇಂತಹ ನೆಲದಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಝಳವು ಎಲ್ಲರಿಗೂ ಪರಿಚಿತವಾದುದು. ಕಾರಿನ ಏಸಿಯು ಒಂದು ಕಾಲಕ್ಕೆ ಸಿರಿವಂತರ ಭೋಗವಸ್ತುವಾಗಿದ್ದಿತು. ಇಂದು ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರಿಗೆ ಅದು ಕಾಯಕದ ಸಾಧನಗಳಲ್ಲೊಂದಾಗಿದೆ. ವೃದ್ಧರನ್ನೂ ರೋಗಿಗಳನ್ನೂ ಕರೆದೊಯ್ಯುವ ವಾಹನದಲ್ಲಂತೂ ಅದು ಆರೋಗ್ಯದ ಪ್ರಶ್ನೆಯೇ ಆಗಿದೆ. ಆ ಯಂತ್ರವು ತಂಪಿನ ಬದಲು ಬಿಸಿಗಾಳಿಯನ್ನು ಊದತೊಡಗಿದಾಗ ಮಾಡಬೇಕಾದುದೇನು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲೌಕಿಕವಾದುದು. ಆದರೆ ಕಾಯಕವನ್ನು ಪೂಜೆಯೆಂದು ಬಗೆದ ಪರಂಪರೆಯಲ್ಲಿ ಗ್ಯಾರೇಜಿನ ಕೆಲಸವೂ ವಿಚಾರಯೋಗ್ಯವೇ ಆಗಿದೆ.

ಮೊದಲಿಗೆ ಯಂತ್ರದ ಧರ್ಮವನ್ನು ಅರಿಯಬೇಕು. ಬೇಸಿಗೆಯಲ್ಲಿ ರಸ್ತೆ ಬದಿಯ ಅರವಟಿಗೆಯ ಮಡಕೆಯಲ್ಲಿ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಕಾರಿನ ಏಸಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅದು ತಂಪನ್ನು ಎಲ್ಲಿಂದಲೋ ತಂದು ಸುರಿಯುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಮಡಕೆಯಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ‘ಗ್ಯಾಸ್’ ಎಂದು ಕರೆಯಲಾಗುವ ಶೀತಕವು ಮಾಡುತ್ತದೆ. ಇಂದು ಭಾರತದ ಬಹುತೇಕ ಕಾರುಗಳಲ್ಲಿರುವ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಆದುದರಿಂದ ಅದನ್ನು ಒತ್ತಡದಲ್ಲಿ ಬಂಧಿಸಿ, ಬೇಕಾದ ಕಡೆ ಕುದಿಸಿ, ಬೇಕಾದ ಕಡೆ ಮತ್ತೆ ದ್ರವವಾಗಿಸಲು ಸಾಧ್ಯವಾಗಿದೆ.

ಈ ಕ್ರಿಯೆಗೆ ನಾಲ್ಕು ಅಂಗಗಳುಂಟು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅನಿಲವನ್ನು ಒತ್ತಿ ಬಿಸಿಯಾಗಿಸುತ್ತದೆ. ಕಾರಿನ ಮುಂಭಾಗದಲ್ಲಿ ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಅನಿಲವನ್ನು ದ್ರವವಾಗಿಸುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ ಎಂಬ ಕಿರಿದಾದ ದ್ವಾರದಲ್ಲಿ ನುಗ್ಗುವಾಗ ದ್ರವದ ಒತ್ತಡವು ಒಮ್ಮೆಲೇ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿಯುತ್ತಾ ಒಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಬ್ಲೋವರ್ ಎಂಬ ಫ್ಯಾನು ಆ ಕಾಯಿಲ್‌ನ ಮೇಲಿನಿಂದ ಗಾಳಿಯನ್ನು ಹಾಯಿಸಿ ನಮ್ಮತ್ತ ಕಳುಹಿಸುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಸಡಿಲವಾದರೂ ಮುಖಕ್ಕೆ ಬರುವುದು ಬಿಸಿಗಾಳಿಯೇ. ರೋಗ ಹಲವು, ಲಕ್ಷಣ ಒಂದೇ. ಲಕ್ಷಣವನ್ನೇ ರೋಗವೆಂದು ಭ್ರಮಿಸಿದವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ.

ಹೊಸಪೇಟೆಯ ಚಾಲಕರೊಬ್ಬರ ಅನುಭವವು ಇದಕ್ಕೆ ನಿದರ್ಶನವಾಗಿದೆ. ಸಾಲ ಮಾಡಿ ಕೊಂಡ ಒಂದು ಕಾರು ಅವರ ಸಂಸಾರಕ್ಕೆ ಆಧಾರ. ಚಳಿಗಾಲದಲ್ಲಿ ಹಂಪಿಯ ಪ್ರವಾಸಿಗರು, ಉಳಿದ ದಿನಗಳಲ್ಲಿ ಸಂಡೂರಿನ ಗಣಿಗಳ ಕಡೆಯ ಬಾಡಿಗೆ. ಇವುಗಳ ಜೊತೆಗೆ ವಾರಕ್ಕೆ ಎರಡು ದಿನ ಕಂಪ್ಲಿಯಿಂದ ವಯೋವೃದ್ಧೆಯೊಬ್ಬರನ್ನು ಡಯಾಲಿಸಿಸ್ ಚಿಕಿತ್ಸೆಗಾಗಿ ಹೊಸಪೇಟೆಗೆ ಕರೆತಂದು ಮರಳಿ ಬಿಡುವ ಜವಾಬ್ದಾರಿಯೂ ಅವರದಾಗಿತ್ತು. ಚಿಕಿತ್ಸೆ ಮುಗಿಸಿ ಹೊರಬರುವಾಗ ಆ ತಾಯಿಯ ಶರೀರದಲ್ಲಿ ತ್ರಾಣವಿರುತ್ತಿರಲಿಲ್ಲ. ಬಾಯಾರಿದರೂ ಕುಡಿಯುವ ನೀರಿಗೆ ವೈದ್ಯರು ಮಿತಿ ಹಾಕಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಕಂಪ್ಲಿಯ ಹಾದಿಯಲ್ಲಿ ಏಸಿಯು ಬಿಸಿಗಾಳಿಯನ್ನು ಊದತೊಡಗಿತು. ಕಿಟಕಿ ತೆರೆದರೆ ಹೊರಗಿನ ಝಳ, ಮುಚ್ಚಿದರೆ ಒಳಗಿನ ಬೇಗೆ. ಆ ತಾಯಿ ದೂರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, “ಮನಿ ಇನ್ನಾ ಎಷ್ಟು ದೂರ ಐತಪ್ಪಾ?” ಎಂದು ಮೂರು ಸಲ ಕೇಳಿದರು. ಊರು ತಲುಪುವ ಹೊತ್ತಿಗೆ ಅವರು ಸೀಟಿಗೊರಗಿ ಕಣ್ಣು ಮುಚ್ಚಿದ್ದರು. ಮನೆಯವರು ಕೈಹಿಡಿದು ಇಳಿಸಿಕೊಂಡು ಒಳಗೆ ಕರೆದೊಯ್ಯುವವರೆಗೂ ಚಾಲಕರ ಎದೆಬಡಿತ ನಿಂತಿರಲಿಲ್ಲ.

ಅವರು ಕಾರನ್ನು ಅಲಕ್ಷಿಸಿದವರಲ್ಲ. ಹಿಂದಿನ ಎರಡು ಬೇಸಿಗೆಗಳಲ್ಲಿಯೂ ಒಂದೊಂದು ಅಂಗಡಿಗೆ ಹೋಗಿ ‘ಗ್ಯಾಸ್ ಹಾಕಿಸಿ’ ಬಂದಿದ್ದರು. ಪ್ರತಿ ಸಲವೂ ಕೆಲವು ವಾರ ತಂಪು, ಆಮೇಲೆ ಯಥಾಪ್ರಕಾರ. ಈ ಬಾರಿ ಹಣ ಕೊಟ್ಟು ಮತ್ತೊಮ್ಮೆ ತುಂಬಿಸಿದಾಗ ಮಾತ್ರ ವಿಚಿತ್ರವೊಂದು ಕಂಡುಬಂದಿತು. ಹೊಸ ಗ್ಯಾಸು ಹೋದ ದಿನವೇ ಗಾಳಿಯು ಮೊದಲಿಗಿಂತಲೂ ಬಿಸಿಯಾಯಿತು. ಕಂಪ್ರೆಸರೇ ಹೋಗಿದೆ, ಹೊಸದು ಹಾಕಬೇಕೆಂದು ಅಲ್ಲಿಯವರು ಹೇಳಿದರು. ಅದರ ಬೆಲೆ ಅವರ ಎರಡು ತಿಂಗಳ ಸಾಲದ ಕಂತಿಗಿಂತ ಹೆಚ್ಚಾಗಿತ್ತು. ಆಗ ಅವರು ಪರಿಚಿತರ ಮಾತಿನಂತೆ ಹಿರಿಯ ಏಸಿ ಮೇಸ್ತ್ರಿಯೊಬ್ಬರ ಬಳಿ ಕಾರನ್ನು ಒಯ್ದರು.

ಆ ಮೇಸ್ತ್ರಿ ಸಿಲಿಂಡರಿನತ್ತ ಕೈ ಚಾಚಲಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದರು. ಗಾಡಿ ಓಡುವಾಗ ತಂಪಾಗಿ ನಿಂತಾಗ ಬಿಸಿಯಾಗುತ್ತದೆಯೇ? ಗಾಳಿಯ ರಭಸ ಕಡಿಮೆಯಾಗಿದೆಯೇ, ಅಥವಾ ರಭಸವಿದ್ದೂ ತಂಪಿಲ್ಲವೇ? ಮೊದಲ ಹತ್ತು ನಿಮಿಷ ತಂಪಾಗಿ ಅನಂತರ ಕೆಡುತ್ತದೆಯೇ? ಗಾಡಿ ಯಾವ ಯಾವ ಊರಿಗೆ ಹೋಗುತ್ತದೆ? ಕೊನೆಯ ಪ್ರಶ್ನೆ ಕೇಳಿ ಚಾಲಕರಿಗೆ ಆಶ್ಚರ್ಯವಾಯಿತು. ವಾಸ್ತವದಲ್ಲಿ ಅದೇ ಬಹುಮುಖ್ಯವಾದ ಪ್ರಶ್ನೆ. ಯಂತ್ರವು ಸಂಚರಿಸಿದ ನೆಲದ ಗುರುತು ಅದರ ಮೈಮೇಲೆ ಉಳಿದಿರುತ್ತದೆ.

ಸಂಡೂರಿನ ವಿಷಯವನ್ನೇ ನೋಡೋಣ. ಅಲ್ಲಿಯ ಬೆಟ್ಟಗಳು ಕಬ್ಬಿಣದ ಅದಿರಿಗೆ ಪ್ರಸಿದ್ಧ. ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಮರದೆಲೆಗಳೂ ಮನೆಯ ಗೋಡೆಗಳೂ ಕೆಂಪಾಗಿರುತ್ತವೆ. ಅಕ್ರಮ ಗಣಿಗಾರಿಕೆಯ ಬಗೆಗಿನ ಲೋಕಾಯುಕ್ತ ವರದಿ ಹೊರಬಂದುದೂ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿದುದೂ 2011ರ ಜುಲೈ ತಿಂಗಳಿನಲ್ಲಿ. ಅನಂತರ ನಿಯಮಗಳಿಗೆ ಒಳಪಟ್ಟು ಗಣಿಗಳು ಮರಳಿ ತೆರೆದವು, ಕೆಂಪು ಧೂಳೂ ಉಳಿಯಿತು. ಆ ನುಣುಪಾದ, ಭಾರವಾದ ಧೂಳು ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಸೇರಿ ಗೋಡೆ ಕಟ್ಟುತ್ತದೆ. ಗಾಳಿ ಹಾಯಲು ದಾರಿಯಿಲ್ಲದಾಗ ಶಾಖವು ಹೊರಹೋಗದೆ ಒತ್ತಡ ಏರುತ್ತದೆ, ಒಳಗೆ ತಂಪು ಕುಗ್ಗುತ್ತದೆ. ಇದಕ್ಕೆ ಬೇಕಾದ ಮದ್ದು ನೀರು ಮತ್ತು ತಾಳ್ಮೆ. ಎಂಜಿನ್ನು ಆರಿದ ಮೇಲೆ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ವಾಷಿಂಗ್ ಪಂಪಿನ ರಭಸವನ್ನು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಬಾಗಿ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಕಂಪ್ಲಿಯ ಕಥೆ ಬೇರೆ. ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳ ಸೀಮೆಯದು. ಸುಗ್ಗಿಯಲ್ಲಿ ಹಾರುವ ಹೊಟ್ಟು, ಹುಲ್ಲಿನ ಚೂರು, ನುಸಿಗಳು ಕಾರಿನ ಗಾಳಿದಾರಿಯಲ್ಲಿ ಸೇರಿಕೊಳ್ಳುತ್ತವೆ. ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರು ತುಂಬಿಹೋದಾಗ ಗಾಳಿಯ ರಭಸವೇ ಕುಗ್ಗುತ್ತದೆ. ಕಾಯಿಲ್ ತಣ್ಣಗಿದ್ದರೂ ಆ ತಂಪು ಮನುಷ್ಯನನ್ನು ತಲುಪುವುದಿಲ್ಲ. ಗದ್ದೆಯಂಚಿನ ಮನೆಗಳ ಮುಂದೆ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿಗಳು ಗೂಡು ಕಟ್ಟಿ ವೈರುಗಳನ್ನು ಕಡಿಯುವುದೂ ಉಂಟು. ಕಂಪ್ರೆಸರಿನ ಕ್ಲಚ್ಚಿಗೆ ಹೋಗುವ ಒಂದು ತಂತಿ ತುಂಡಾದರೆ ಉಳಿದೆಲ್ಲವೂ ಸರಿಯಿದ್ದೂ ಯಂತ್ರವು ಸುಮ್ಮನೆ ಕುಳಿತಿರುತ್ತದೆ. ಅನೇಕ ಗಾಡಿಗಳಲ್ಲಿ ಏಸಿ ಒತ್ತಿದೊಡನೆ ಬಾನೆಟ್ಟಿನೊಳಗೆ ‘ಟಕ್’ ಎಂದು ಕ್ಲಚ್ಚು ಹಿಡಿಯುವ ಸದ್ದು ಬರಬೇಕು. ಆ ಸದ್ದಿಲ್ಲದಿದ್ದರೆ ಫ್ಯೂಸು, ರಿಲೇ, ವೈರು ಇವುಗಳನ್ನು ಮೊದಲು ನೋಡಬೇಕು. ಗ್ಯಾಸು ತೀರ ಕಡಿಮೆಯಾದಾಗಲೂ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನು ತಡೆಹಿಡಿಯುತ್ತದೆಂಬುದನ್ನು ಮರೆಯಬಾರದು.

ಹಂಪಿಯಲ್ಲಿ ಕಾರಿಗೆ ನಿಲ್ಲುವುದೇ ಪರೀಕ್ಷೆ. ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ಪ್ರವಾಸಿಗರು ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿ ವಾಹನವೇರುತ್ತಾರೆ. ಚಾಲಕರು ಬಿಸಿಲಿನಲ್ಲಿ ಕಾಯುತ್ತಾರೆ. ಅತಿಥಿಗಳು ಮರಳುವ ಹೊತ್ತಿಗೆ ಒಳಗೆ ತಂಪಿರಲೆಂದು ನಿಂತಲ್ಲೇ ಎಂಜಿನ್ನು ಓಡಿಸುತ್ತಾರೆ. ಓಡುವ ಕಾರಿನ ಕಂಡೆನ್ಸರಿಗೆ ಎದುರುಗಾಳಿಯ ನೆರವಿದೆ, ನಿಂತ ಕಾರಿಗೆ ಮುಂದಿನ ಫ್ಯಾನೊಂದೇ ಗತಿ. ಆ ಫ್ಯಾನು ತಿರುಗದಿದ್ದರೆ ಹೆದ್ದಾರಿಯಲ್ಲಿ ತಂಪು, ನಿಲ್ದಾಣದಲ್ಲಿ ಬಿಸಿ ಎಂಬ ಸ್ಥಿತಿಯುಂಟಾಗುತ್ತದೆ. ಈ ಒಂದು ಲಕ್ಷಣವನ್ನು ಗಮನಿಸಿದವರು ಗ್ಯಾಸಿಗೆ ಹಣ ಸುರಿಯುವ ಬದಲು ಫ್ಯಾನಿನ ಮೋಟರನ್ನೋ ರಿಲೇಯನ್ನೋ ಬದಲಿಸಿ ನಿಶ್ಚಿಂತರಾಗುತ್ತಾರೆ.

ಮೇಸ್ತ್ರಿಯು ಇವೆಲ್ಲವನ್ನೂ ಕ್ರಮವಾಗಿ ನೋಡಿದರು. ಬೆಲ್ಟು ಸರಿಯಿತ್ತು, ಕ್ಲಚ್ಚು ಹಿಡಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಫಿಲ್ಟರಿನಲ್ಲಿ ಕಂಪ್ಲಿಯ ಹೊಟ್ಟು, ಕಂಡೆನ್ಸರಿನಲ್ಲಿ ಸಂಡೂರಿನ ಕೆಂಪು ಎರಡೂ ಇದ್ದವು. ಮೀಟರು ಜೋಡಿಸಿದಾಗ ಎರಡೂ ಸೂಜಿಗಳು ಮೇಲೇರಿ ನಿಂತಿದ್ದವು. ಹಾಗೆಂದರೆ ಗ್ಯಾಸು ಕಡಿಮೆಯಾಗಿರಲಿಲ್ಲ, ಅಳತೆ ಮೀರಿ ತುಂಬಲಾಗಿತ್ತು. ಕಂಡೆನ್ಸರಿನಲ್ಲಿ ಅನಿಲವು ದ್ರವವಾಗಲು ಬೇಕಾದ ಜಾಗವನ್ನು ಹೆಚ್ಚಾದ ಶೀತಕವೇ ಆಕ್ರಮಿಸಿಕೊಂಡರೆ ಒತ್ತಡ ಏರಿ ತಂಪು ಕೆಡುತ್ತದೆ. ಕಂಪ್ರೆಸರು ಕೆಟ್ಟಿರಲಿಲ್ಲ, ಅತಿಭಾರದಿಂದ ಏದುಸಿರು ಬಿಡುತ್ತಿತ್ತು. “ಹಂಗಾದ್ರ ಮೇಸ್ತ್ರಿಗಳೇ, ಹೆಚ್ಚಿನ ಗ್ಯಾಸು ತೆಗೆದ್ರ ಸಾಕಲ್ಲಾ?” ಎಂದು ಚಾಲಕರು ಕೇಳಿದರು. ಅದಕ್ಕೆ ಹಿರಿಯರು ಕೊಟ್ಟ ಉತ್ತರವಿದು: “ತಮ್ಮಾ, ಗ್ಯಾಸು ಪೆಟ್ರೋಲಿನಂಗ ಖರ್ಚಾಗೋದಲ್ಲ. ವರ್ಷಾ ವರ್ಷಾ ಕಡಿಮಿ ಆಗೈತಿ ಅಂದ್ರ ಎಲ್ಲೋ ಸೋರತೈತಿ. ಅದನ್ನ ಹುಡುಕದ ಬಿಟ್ರ ಮುಂದಿನ ಬ್ಯಾಸಗಿಗೆ ಮತ್ತ ಬರ್ತಿ. ನನಗ ಲಾಭ, ನಿನಗ ನಷ್ಟ.”

ಸೋರಿಕೆಯನ್ನು ತೋರಿಸಿಕೊಟ್ಟುದು ಸಂಡೂರಿನ ಧೂಳೇ. ಶೀತಕದೊಡನೆ ಕಂಪ್ರೆಸರಿನ ಎಣ್ಣೆಯೂ ಕೊಳವೆಗಳಲ್ಲಿ ಹರಿಯುತ್ತಿರುತ್ತದೆ. ಅನಿಲವು ಸೋರಿದಲ್ಲಿ ಎಣ್ಣೆಯ ಪಸೆಯೂ ಹೊರಬರುತ್ತದೆ. ಅನಿಲವು ಕಣ್ಣಿಗೆ ಕಾಣದು, ಪಸೆಗೆ ಅಂಟಿದ ಧೂಳು ಕಾಣುತ್ತದೆ. ಕಂಡೆನ್ಸರಿಗೆ ಕೊಳವೆ ಸೇರುವ ಸಂದಿಯಲ್ಲಿ, ಸುತ್ತಲಿನ ಒಣ ಕೆಂಪಿನ ನಡುವೆ, ಕಪ್ಪಗೆ ಜಿಡ್ಡುಗಟ್ಟಿದ ಕಲೆಯೊಂದಿತ್ತು. ಮೇಸ್ತ್ರಿಯು ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಹಿಂಪಡೆದರು. ಅನಂತರ ಸಾರಜನಕವನ್ನು ಒತ್ತಡದಲ್ಲಿ ತುಂಬಿ ಸೋಪಿನ ನೊರೆ ಹಚ್ಚಿದಾಗ ಆ ಸಂದಿಯಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಒಳಗಿದ್ದ ರಬ್ಬರಿನ ಓ ರಿಂಗ್ ಗಡುಸಾಗಿ ಬಿರಿದಿತ್ತು. ಎರಡು ಬೇಸಿಗೆಗಳ ಖರ್ಚು, ಕಂಪ್ರೆಸರ್ ಬದಲಿಸುವ ಭೀತಿ, ಕಂಪ್ಲಿಯ ತಾಯಿಯ ಬವಣೆ, ಇವೆಲ್ಲಕ್ಕೂ ಉಂಗುರ ಬೆರಳಿಗೂ ಸಾಲದ ಒಂದು ರಬ್ಬರಿನ ಬಳೆ ಕಾರಣವಾಗಿತ್ತು.

ಆ ಬಳೆಯನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಿ, ಕಂಡೆನ್ಸರನ್ನು ತೊಳೆದು, ವ್ಯಾಕ್ಯೂಮ್ ಪಂಪಿನಿಂದ ಮುಕ್ಕಾಲು ಗಂಟೆ ಒಳಗಿನ ಗಾಳಿ ಮತ್ತು ತೇವವನ್ನು ಎಳೆದು ತೆಗೆದರು. ಈ ಹಂತವನ್ನು ಅವಸರದಲ್ಲಿ ಬಿಡುವವರುಂಟು. ಒಳಗೆ ಉಳಿದ ಒಂದು ಹನಿ ನೀರು ವಾಲ್ವಿನ ಬಾಯಲ್ಲಿ ಮಂಜಾಗಿ ದಾರಿ ಕಟ್ಟಬಲ್ಲುದು. ಮೊದಲ ಹತ್ತು ನಿಮಿಷ ತಂಪಾಗಿ ಅನಂತರ ಬಿಸಿಯಾಗುವ ಗಾಡಿಗಳಲ್ಲಿ ಈ ದೋಷವನ್ನು ಶಂಕಿಸಬೇಕು. ಪಂಪು ನಿಲ್ಲಿಸಿದ ಮೇಲೂ ಮೀಟರಿನ ಸೂಜಿ ಕದಲದಿರುವುದನ್ನು ಕಾದು ನೋಡಿ, ಬಾನೆಟ್ಟಿನ ಚೀಟಿಯಲ್ಲಿ ತಯಾರಕರು ಮುದ್ರಿಸಿದ್ದ ಗ್ರಾಂ ಲೆಕ್ಕಕ್ಕೆ ಸರಿಯಾಗಿ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ತೂಗಿಯೇ ಗ್ಯಾಸು ತುಂಬಿದರು. ತೂಕ ಏಕೆ ಬೇಕು? ಯಂತ್ರ ನಿಂತಿರುವಾಗ ಒಳಗೆ ಒಂದಿಷ್ಟು ದ್ರವವಿದ್ದರೆ ಸಾಕು, ಒತ್ತಡವು ಹೊರಗಿನ ತಾಪವನ್ನೇ ಅನುಸರಿಸುತ್ತದೆ. ಇನ್ನೂರು ಗ್ರಾಂ ಇದ್ದರೂ ಐನೂರು ಗ್ರಾಂ ಇದ್ದರೂ ಸೂಜಿ ಒಂದೇ ಜಾಗ ತೋರಿಸಬಹುದು. ಸೂಜಿಯನ್ನು ಮಾತ್ರ ನಂಬಿದವರು ಅಳತೆ ತಪ್ಪುವುದು ಹೀಗೆಯೇ. ಸಂಜೆಯ ವೇಳೆಗೆ ಕಾರಿನ ಕಿಂಡಿಯಲ್ಲಿ ಇಟ್ಟ ಥರ್ಮಾಮೀಟರು ಎಂಟು ಡಿಗ್ರಿ ತೋರಿಸಿತು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕಡಿಮೆಯಾದರೆ ಕೆಡುವುದು ಸಹಜವೆಂದು ಎಲ್ಲರೂ ಒಪ್ಪುತ್ತಾರೆ. ಹೆಚ್ಚಾದರೂ ಕೆಡುತ್ತದೆಂಬ ಅರಿವು ಅಪರೂಪವಾದುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಅಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಬಡತನದ ಮನೆಯಲ್ಲಿ ಹೆಚ್ಚಾದ ಅಕ್ಕಿಯನ್ನು ದೋಷವೆಂದು ಕಂಡ ಆ ತಾಯಿಯ ದೃಷ್ಟಿ ಅಸಾಧಾರಣವಾದುದು. ಅಳತೆಯು ಕಾಯಕದ ಹೊರಗಿನ ನಿಯಮವಾಗಿರದೆ ಅದರ ಜೀವವೇ ಆಗಿದೆ ಎಂಬುದನ್ನು ಲಕ್ಕಮ್ಮನವರು ಬದುಕಿ ತೋರಿದರು. ತಕ್ಕಡಿಯಿಲ್ಲದೆ ಅಂದಾಜಿನಿಂದ ಗ್ಯಾಸು ತುಂಬುವ ಕೈಗೂ ತೂಗಿ ತುಂಬುವ ಕೈಗೂ ಇರುವ ಅಂತರ ಇದೇ.

ಸೋರಿಕೆಯ ಪಾಠವನ್ನು ಈ ಸೀಮೆಯ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಹೊಳೆಗೆ ಹರಿಯುತ್ತಿರುವಾಗ ಅಚ್ಚುಕಟ್ಟಿನ ರೈತರು ತಮ್ಮ ಬೆಳೆಯನ್ನು ನೆನೆದು ತಲ್ಲಣಿಸಿದರು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಂತ್ರಜ್ಞರೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಒಂದೊಂದಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಮಳೆ ಬಂದು ಮತ್ತೆ ತುಂಬೀತೆಂದು ಅಂದು ಯಾರೂ ಕೈಕಟ್ಟಿ ಕುಳಿತಿರಲಿಲ್ಲ. ಮೊದಲು ತೂತು ಮುಚ್ಚಬೇಕು, ಆಮೇಲೆ ತುಂಬುವ ಮಾತು. ಜಲಾಶಯಕ್ಕೆ ಸಲ್ಲುವ ವಿವೇಕ ಕಾರಿನ ಕೊಳವೆಗೂ ಸಲ್ಲುತ್ತದೆ.

ಸೋರಿದ ಗ್ಯಾಸು ಎಲ್ಲಿಗೆ ಹೋಗುತ್ತದೆಂಬುದೂ ವಿಚಾರಣೀಯ. ಕಾರುಗಳಲ್ಲಿ ಮೊದಲು ಬಳಸುತ್ತಿದ್ದ ಆರ್-12 ಎಂಬ ಶೀತಕವು ಆಕಾಶದ ಓಝೋನ್ ಪದರವನ್ನು ಕೊರೆಯುತ್ತಿದ್ದಿತು. ಅಂಟಾರ್ಕ್ಟಿಕಾದ ಮೇಲೆ ಆ ಪದರವು ತೆಳುವಾಗುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು, ಭಾರತವು 1992ರಲ್ಲಿ ಅದಕ್ಕೆ ಸೇರಿತು. ಬದಲಿಗೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯ ತಾಪವನ್ನು ಹೆಚ್ಚಿಸುವಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಕಿಲೋಗಿಂತ ಕಡಿಮೆಯಲ್ಲ. ಆದುದರಿಂದ 2016ರ ಕಿಗಾಲಿ ತಿದ್ದುಪಡಿಯು ಇಂತಹ ಅನಿಲಗಳನ್ನು ಹಂತಹಂತವಾಗಿ ತಗ್ಗಿಸಲು ಗೊತ್ತುಪಡಿಸಿತು. ಭಾರತವು ಅದನ್ನು 2021ರಲ್ಲಿ ಅನುಮೋದಿಸಿ 2032ರಿಂದ 2047ರೊಳಗೆ ಬಳಕೆಯನ್ನು ಹಂತಹಂತವಾಗಿ ಇಳಿಸುವ ಹೊಣೆ ಹೊತ್ತಿದೆ. ತನ್ನ ಕಾರನ್ನು ತಂಪಾಗಿಸಲು ಹೋಗಿ ಲೋಕವನ್ನು ಕಾಯಿಸುವುದು ಯಾರಿಗೂ ಒಪ್ಪುವ ಮಾತಲ್ಲ. ಹಳೆಯ ಗ್ಯಾಸನ್ನು ಬಯಲಿಗೆ ಬಿಡದೆ ಹಿಂಪಡೆದ ಆ ಮೇಸ್ತ್ರಿಗೆ ಯಾರೂ ಹೆಚ್ಚಿನ ಹಣ ಕೊಡಲಿಲ್ಲ. ಅದನ್ನು ಅವರು ತಮ್ಮ ಕೆಲಸದ ಭಾಗವೆಂದೇ ಮಾಡಿದರು.

ವಾಹನವುಳ್ಳವರು ಅನುಸರಿಸಬಹುದಾದ ಕೆಲವು ನಡೆಗಳಿವೆ. ಬಿಸಿಗಾಳಿ ಬಂದೊಡನೆ ಗ್ಯಾಸಿನ ಅಂಗಡಿಗೆ ಓಡದೆ ಮೊದಲು ಲಕ್ಷಣಗಳನ್ನು ಗುರುತಿಸಿಕೊಳ್ಳಬೇಕು. ಶಾಖದ ಗುಂಡಿಯು ತಂಪಿನ ತುದಿಯಲ್ಲಿದೆಯೇ, ಫಿಲ್ಟರು ಶುಚಿಯಾಗಿದೆಯೇ, ಏಸಿ ಹಾಕಿದಾಗ ಮುಂದಿನ ಫ್ಯಾನು ತಿರುಗುತ್ತಿದೆಯೇ ಎಂಬುದನ್ನು ಹಣ ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದು. ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಕೈ, ಸೆರಗು, ಶಲ್ಯಗಳು ದೂರವಿರಲಿ. ಕೊಳವೆಗಳನ್ನು ಬಿಚ್ಚುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು, ಚಿಮ್ಮುವ ಶೀತಕವು ಕಣ್ಣನ್ನೂ ಚರ್ಮವನ್ನೂ ಕ್ಷಣದಲ್ಲಿ ಸುಡಬಲ್ಲುದು. ಗ್ಯಾಸು ತುಂಬಿಸುವಾಗ ‘ಸೋರಿಕೆ ನೋಡಿದಿರಾ? ವ್ಯಾಕ್ಯೂಮ್ ಮಾಡಿದಿರಾ? ಎಷ್ಟು ಗ್ರಾಂ?’ ಎಂಬ ಮೂರು ಪ್ರಶ್ನೆ ಕೇಳಲು ಸಂಕೋಚ ಬೇಡ. ತೀರ ಅಗ್ಗದ ಗ್ಯಾಸಿನಲ್ಲಿ ಅಡುಗೆ ಅನಿಲದ ಜಾತಿಯ, ಬೆಂಕಿ ಹಿಡಿಯುವ ಅನಿಲ ಬೆರೆತಿರುವ ಅಪಾಯವುಂಟು. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿದರೆ ಒಳಗಿನ ಎಣ್ಣೆ ಹರಿದು ರಬ್ಬರಿನ ಬಳೆಗಳು ಒಣಗದೆ ಉಳಿಯುತ್ತವೆ. ಸಂಡೂರಿನ ಕಡೆ ನಿತ್ಯ ಓಡುವ ಗಾಡಿಗೆ ತಿಂಗಳಿಗೊಮ್ಮೆ ಕಂಡೆನ್ಸರಿನ ಸ್ನಾನ ತಪ್ಪಬಾರದು.

ಆ ಮೇಸ್ತ್ರಿಯು ಪಡೆದ ಕೂಲಿಯು ಹೊಸ ಕಂಪ್ರೆಸರಿನ ಬೆಲೆಯ ಸಣ್ಣದೊಂದು ಪಾಲಾಗಿತ್ತು. ಕಂಪ್ರೆಸರು ಕೆಟ್ಟಿದೆಯೆಂದು ಅವರೂ ಹೇಳಿದ್ದರೆ ಚಾಲಕರು ನಂಬುತ್ತಿದ್ದರು. ಬಾನೆಟ್ಟಿನ ಕೆಳಗೆ ನಡೆಯುವುದು ಗಿರಾಕಿಗೆ ಕಾಣುವುದಿಲ್ಲ. ಕಾಣದಿರುವಲ್ಲಿಯೂ ಸತ್ಯಶುದ್ಧವಾಗಿ ನಡೆದಾಗಲೇ ದುಡಿಮೆಯು ಕಾಯಕವೆನಿಸುವುದು. ಅದರ ಫಲವನ್ನು ಉಂಡವರು ಮೇಸ್ತ್ರಿಯ ಹೆಸರನ್ನೂ ಅರಿಯದ ಕಂಪ್ಲಿಯ ಆ ತಾಯಿ.